ಎಲ್ಲವನ್ನೂ ಗಡಿಯ ಮೇಲೆ ಹಾಕಬೇಡಿ

ನಮಸ್ಕಾರ,

ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಅಮೆರಿಕದಲ್ಲಿ ಪಕ್ಷಗಳು ಪಡೆದ ಮತಕ್ಕೂ ಗೆದ್ದ ಸೀಟಿಗೂ ತಾಳೆಯಾಗದಿದ್ದರೆ ಅದಕ್ಕೆಲ್ಲ ಜೆರ್ರಿಮ್ಯಾಂಡರಿಂಗೇ ಕಾರಣ, ಅಂದರೆ ಅಧಿಕಾರದಲ್ಲಿರುವವರು ತಮಗೆ ಬೇಕಾದಂತೆ ಕ್ಷೇತ್ರದ ಗಡಿ ಎಳೆದದ್ದೇ ಕಾರಣ ಎನ್ನುತ್ತೀರಿ. ಪೆನ್ಸಿಲ್ವೇನಿಯಾದ ಮಟ್ಟಿಗೆ ಈ ಮಾತು ನಿಲ್ಲುತ್ತದೆ. 2012ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ ಚುನಾವಣೆಯಲ್ಲಿ ಅಲ್ಲಿ ಡೆಮಾಕ್ರಟರಿಗೆ ಅರ್ಧಕ್ಕಿಂತ ತುಸು ಜಾಸ್ತಿ ಮತ ಬಂತು, ಸಿಕ್ಕಿದ್ದು 18ರಲ್ಲಿ 5 ಸೀಟು. 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಕ್ಷೆ ಬದಲಿಸಿದ ಮೇಲೆ 9 ಬಂತು. ಈ ಭಾಗ ಚೆನ್ನಾಗಿ ಬರೆದಿದ್ದೀರಿ.

ಮ್ಯಾಸಚೂಸೆಟ್ಸ್‌ನಲ್ಲಿ ಎಡವಿದ್ದೀರಿ. ಅಲ್ಲಿ ರಿಪಬ್ಲಿಕನ್ನರಿಗೆ ಮೂರರಲ್ಲೊಂದು ಪಾಲು ಮತ ಬಂದರೂ 9ರಲ್ಲಿ ಒಂದು ಸೀಟೂ ಸಿಗುವುದಿಲ್ಲ. ಅದು ಗಡಿಯ ಮೋಸವಲ್ಲ. ಅವರ ಮತದಾರರು ರಾಜ್ಯದ ತುಂಬ ಹೆಚ್ಚುಕಡಿಮೆ ಒಂದೇ ಸಮ ಹರಡಿದ್ದಾರೆ, ಹಾಗಾಗಿ ಎಲ್ಲ ಕ್ಷೇತ್ರದಲ್ಲೂ ಅವರು ಕಡಿಮೆಯೇ. ಗಣಿತಜ್ಞರು ಹಳೆಯ ಫಲಿತಾಂಶ ಇಟ್ಟುಕೊಂಡು ಲೆಕ್ಕ ಹಾಕಿದಾಗ, ಕೆಲವು ಚುನಾವಣೆಗಳಲ್ಲಿ ಹೇಗೆ ಗೆರೆ ಎಳೆದರೂ ರಿಪಬ್ಲಿಕನ್ನರು ಗೆಲ್ಲುವ ಒಂದು ಕ್ಷೇತ್ರವೂ ಮೂಡಲಿಲ್ಲ.

ಅಷ್ಟು ದೂರ ಯಾಕೆ? 2008ರ ಮರುವಿಂಗಡಣೆಯ ನಂತರ ನಮ್ಮ ವಿಧಾನಸಭಾ ಕ್ಷೇತ್ರಗಳ ಗಡಿ ಬದಲಾಗಿಲ್ಲ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36 ಮತ, 104 ಸೀಟು. ಶೇ 38 ಮತ ಪಡೆದ ಕಾಂಗ್ರೆಸ್‌ಗೆ 80ರ ಆಸುಪಾಸು. 2023ರಲ್ಲಿ ಬಿಜೆಪಿಗೆ ಮತ್ತೆ ಶೇ 36 ಮತ, ಸೀಟು ಮಾತ್ರ 66! ಗಡಿಯೂ ಅದೇ, ಮತದ ಪಾಲೂ ಅದೇ. ಬದಲಾದದ್ದು ಎದುರಿನವರ ಮತ. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 43ರ ಹತ್ತಿರ ಹೋಯಿತು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೂ ಗೆಲ್ಲುವ ಪದ್ಧತಿ ನಮ್ಮದು. ಎದುರಾಳಿಗಳ ಮತ ಒಡೆಯಿತೋ ಕೂಡಿತೋ ಎನ್ನುವುದರ ಮೇಲೆ ಸೀಟು ಹೀಗೆ ಏರಿಳಿಯುತ್ತದೆ.

ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಗಡಿಯಲ್ಲಿ ಮೋಸ ನಡೆಯುವುದು ನಿಜ, ಅದನ್ನು ಬರೆಯಲೇಬೇಕು. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ, ಮ್ಯಾಸಚೂಸೆಟ್ಸ್ ಬಲ್ಲ ಓದುಗರು ಪೆನ್ಸಿಲ್ವೇನಿಯಾದ ಮಾತನ್ನೂ ನಂಬುವುದಿಲ್ಲ.

ಜೆರ್ರಿಮ್ಯಾಂಡರಿಂಗ್ ಎಂಬ ಹೆಸರಿಗೆ ಕಾರಣನಾದ 1812ರ ಗವರ್ನರ್ ಗೆರ್ರಿಯ ಕತೆಗೆ ಅಷ್ಟು ಜಾಗ ಬೇಡ, ಎರಡು ಸಾಲು ಸಾಕು. ಉಳಿದ ಜಾಗವನ್ನು ಪೆನ್ಸಿಲ್ವೇನಿಯಾಕ್ಕೇ ಕೊಡಿ. 2018ರಲ್ಲಿ ಅಲ್ಲಿ ಡೆಮಾಕ್ರಟರಿಗೆ ಅರ್ಧಕ್ಕಿಂತ ಸಾಕಷ್ಟು ಜಾಸ್ತಿ ಮತ ಬಂದಿತ್ತು. ಕೋರ್ಟಿನ ನಕ್ಷೆಯಲ್ಲೂ ಸೀಟು ಅರ್ಧವೇ ಯಾಕೆ ಬಂತು? ಆ ರಾಜ್ಯದ ದೊಡ್ಡ ನಗರ ಫಿಲಡೆಲ್ಫಿಯಾದಲ್ಲಿ ಅವರ ಮತ ಎಷ್ಟು ಗುಂಪಾಗಿ ಬೀಳುತ್ತದೆ ಅನ್ನುವುದನ್ನು ಕ್ಷೇತ್ರವಾರು ಅಂಕಿಗಳಲ್ಲಿ ನೋಡಿ, ಅದನ್ನು ಬರೆಯಿರಿ.