ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗಳಿಗೆ ಗ್ರೀಕ್, ಲ್ಯಾಟಿನ್ ಮೂಲಪದಗಳ ಪಟ್ಟಿ ಬಾಯಿಪಾಠ ಮಾಡಿಸಬೇಕೇ?

ಬೇಡ. ಏಳನೆಯವರೆಗೆ ಕನ್ನಡದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಗಳು ವಿಜ್ಞಾನದ ಪದಗಳನ್ನು ಉರು ಹೊಡೆದು ಮರುದಿನವೇ ಮರೆಯುತ್ತಾಳೆ ಅಂತ ಬರೆದಿದ್ದೀರಿ. ಅದರ ಮೇಲೆ ಮೂಲಪದಗಳ ಪಟ್ಟಿಯನ್ನೂ ಹೇರಿದರೆ ಮರೆಯಲು ಇನ್ನಷ್ಟು ಪದ ಕೊಟ್ಟ ಹಾಗಾಗುತ್ತದೆ, ಅಷ್ಟೇ.

ನಾನು ಸೋಮವಾರಪೇಟೆ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವ ಮನೆಗಳ ಮಕ್ಕಳು ನಮ್ಮಲ್ಲಿ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಹಲವರಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ. ಹಾಗಿದ್ದೂ ಪದ ಬಿಡಿಸುವಾಗ ಕೈ ಹಿಡಿಯುವುದು ಆ ಕನ್ನಡವೇ. ಫೋಟೋ ಅಂದರೆ ಬೆಳಕು, ಸಿಂಥೆಸಿಸ್ ಅಂದರೆ ಕೂಡಿಸುವುದು. ದ್ಯುತಿಸಂಶ್ಲೇಷಣೆಯನ್ನು ಬಿಡಿಸಿದರೂ ಅದೇ ಸಿಗುತ್ತದೆ. ಕ್ಲೋರೋಫಿಲ್ ಮತ್ತು ಪತ್ರಹರಿತ್ತು ಕೂಡ ಹಾಗೆಯೇ, ಎರಡರಲ್ಲೂ ಇರುವುದು ಎಲೆ ಮತ್ತು ಹಸಿರು. 'ಇನ್ನು ಕನ್ನಡ ಪದಗಳನ್ನು ಮರೆತುಬಿಡು' ಅಂತ ಅವಳಿಗೆ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಪಾಠದಲ್ಲಿ ಪದ ಬಂದಾಗ ಮಾತ್ರ ಮೂಲ ಹೇಳಿ. ಕ್ಸೈಲಂ ಪಾಠಕ್ಕೆ ನಾನು ಕಾಂಡಕೊರಕ ಹುಳವನ್ನು ಹಿಡಿಯುತ್ತೇನೆ. ಅರೇಬಿಕಾ ಕಾಫಿ ತೋಟದ ಮಕ್ಕಳಿಗೆ ಬೋರರ್ ಅಂದರೆ ಸಾಕು: ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುವುದು, ಎಲೆ ಹಳದಿಯಾಗಿ ಗಿಡ ಸೊರಗುವುದು, ಅದನ್ನು ಕಿತ್ತು ಸುಡುವುದು, ಎಲ್ಲ ಕಂಡಿರುತ್ತಾರೆ. ಅದರ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಬೋರ್ಡಿನಲ್ಲಿ ಬರೆದು 'ಕ್ಸೈಲೋ' ಕೆಳಗೆ ಗೆರೆ ಎಳೆದು, ಗ್ರೀಕಿನಲ್ಲಿ ಕಟ್ಟಿಗೆ ಅಂತ ಹೇಳುತ್ತೇನೆ. ಬೇರಿನ ನೀರನ್ನು ಮೇಲಕ್ಕೆ ಒಯ್ಯುವ ಕ್ಸೈಲಂ ಎಲ್ಲಿರುತ್ತದೆ, ಹುಳ ಕೊರೆದ ಗಿಡ ಯಾಕೆ ಬಾಡುತ್ತದೆ ಅನ್ನುವುದು ಆಮೇಲೆ ಅವರ ಬಾಯಲ್ಲೇ ಬರುತ್ತದೆ. ಕ್ವಾಡ್ರಿಪೆಸ್ ಅಂದರೆ ನಾಲ್ಕು ಕಾಲಿನದು. "ಮಿಸ್, ಹುಳಕ್ಕೆ ಆರು ಕಾಲಲ್ವಾ?" ಅಂತ ಒಬ್ಬರಾದರೂ ಕೇಳುತ್ತಾರೆ. ಕೇಳಲೇಬೇಕು. ಹೆಸರಿಟ್ಟವರು ಹೇಳಿದ್ದೆಲ್ಲ ನಿಜವಾಗಿರಬೇಕಿಲ್ಲವಲ್ಲ! ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆ ಎಂದು ನಂಬಿ ಫ್ರೆಂಚ್ ರಸಾಯನ ವಿಜ್ಞಾನಿ ಲಾವೋಸಿಯೆ 18ನೇ ಶತಮಾನದಲ್ಲಿ ಆಕ್ಸಿಜನ್, ಅಂದರೆ ಆಮ್ಲ ಹುಟ್ಟಿಸುವುದು, ಅಂತ ಹೆಸರಿಟ್ಟ. ನಮ್ಮ ಆಮ್ಲಜನಕವೂ ಅದನ್ನೇ ಹೇಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇರುವುದು ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ. ಹಾಗಾಗಿ ಮೂಲದಿಂದ ಅರ್ಥ ಊಹಿಸಲಿ, ವ್ಯಾಖ್ಯೆಯನ್ನು ಪುಸ್ತಕದಿಂದಲೇ ಓದಲಿ.

ಇಷ್ಟಾಗಿಯೂ ನಿಮ್ಮ ಮಗಳ ನಿಜವಾದ ತೊಂದರೆ ಬೇರೆ ಕಡೆ ಇರಬಹುದು ಅನ್ನಿಸುತ್ತದೆ. ದೊಡ್ಡ ಪದಗಳನ್ನು ಪುಸ್ತಕವೇ ದಪ್ಪಕ್ಷರದಲ್ಲಿ ಕೊಡುತ್ತದೆ, ನಾವೂ ಹತ್ತು ಸಲ ಹೇಳುತ್ತೇವೆ. ವೇರ್‌ಆ್ಯಸ್ (ಆದರೆ), ಹೆನ್ಸ್ (ಆದ್ದರಿಂದ), ಇನ್ಫರ್ (ತೀರ್ಮಾನಕ್ಕೆ ಬಾ), ಜಸ್ಟಿಫೈ (ಕಾರಣ ಕೊಟ್ಟು ಸಮರ್ಥಿಸು), ಇವನ್ನು ಕಲಿಸುವವರು ಯಾರು? ವಿಜ್ಞಾನದವರು ಇಂಗ್ಲಿಷ್ ಟೀಚರ್ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ, ಅವರು ನಮ್ಮ ಕಡೆ ಕೈ ತೋರಿಸುತ್ತಾರೆ. ಆಮ್ಲ ಮತ್ತು ಪ್ರತ್ಯಾಮ್ಲ ಲಿಟ್ಮಸ್ಸನ್ನು ಕೆಂಪು ಮತ್ತು ನೀಲಿ ಮಾಡುತ್ತವೆ, 'ರೆಸ್ಪೆಕ್ಟಿವ್ಲಿ' ಅಂತ ಒಂದು ವಾಕ್ಯ ಇದ್ದರೆ, ಆ ಕೊನೆಯ ಪದ ಗೊತ್ತಿಲ್ಲದ ಮಗುವಿಗೆ ಯಾವುದು ಕೆಂಪು, ಯಾವುದು ನೀಲಿ ಅನ್ನುವುದೇ ತಿಳಿಯುವುದಿಲ್ಲ. 'ಅನುಕ್ರಮವಾಗಿ' ಅಂದರೆ ಅಲ್ಲಿಗೆ ಮುಗಿಯಿತು. ಜಸ್ಟಿಫೈ ಅಂದಲ್ಲಿ ಕಾರಣ ಕೊಡದೆ ಡೆಫಿನಿಷನ್ ಬರೆದಿಟ್ಟ ಉತ್ತರಪತ್ರಿಕೆಗಳನ್ನು ಪ್ರತಿ ವರ್ಷ ತಿದ್ದುತ್ತೇನೆ. ವಿಷಯ ಗೊತ್ತಿರುತ್ತದೆ, ಮಾರ್ಕ್ಸ್ ಹೋಗಿರುತ್ತದೆ.

ಶಾಲೆಯ ಹಳೇ ಪ್ರಶ್ನೆಪತ್ರಿಕೆ ಒಂದನ್ನು ತೆಗೆದುಕೊಂಡು ಕೂತುಕೊಳ್ಳಿ. ಉತ್ತರ ಬರೆಸಬೇಡಿ, ಪ್ರತಿ ಪ್ರಶ್ನೆಯಲ್ಲೂ 'ಏನು ಮಾಡು ಅಂತ ಕೇಳಿದ್ದಾರೆ?' ಅಂತ ಕನ್ನಡದಲ್ಲೋ, ಮನೆಮಾತಿನಲ್ಲೋ ಹೇಳಿಸಿ. ತಡವರಿಸಿದ ಪದವನ್ನು ಮಾತ್ರ ನೋಟ್‌ಬುಕ್ಕಿಗೆ ಹಾಕಲಿ, ಜೊತೆಗೆ ಅದು ಬಂದ ಇಡೀ ವಾಕ್ಯವನ್ನೂ ಬರೆದುಕೊಳ್ಳಲಿ.