1911ರ ರೂಪಾಯಿ ತೊಳೆದು 1939 ಕೊಳ್ಳಲು ಹೊರಟವರಿಗೆ

ಸರ್, ನಿಮ್ಮ ಪೋಸ್ಟ್ ಓದಿದೆ. ಊರಿನ ಹಿರಿಯರೊಬ್ಬರಿಂದ ಐದನೇ ಜಾರ್ಜ್‌ನ 1911ರ ರೂಪಾಯಿ ತಗೊಂಡಿದ್ದೀರಿ. ಕಪ್ಪಾಗಿದೆ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೀರಿ. ಈಗ ಅದನ್ನು ಮಾರಿ, ಕೈಯಿಂದ ಇನ್ನಷ್ಟು ಹಾಕಿ, ವಾಟ್ಸಾಪ್‌ನಲ್ಲಿ ಯಾರೋ ತೋರಿಸಿದ 1939ರ ರೂಪಾಯಿ ಕೊಂಡು, ಎರಡು ವರ್ಷ ಇಟ್ಟು ಮಾರುವ ಯೋಚನೆ. ಕೆಳಗೆ ಒಬ್ಬರು "ಟೂತ್‌ಪೇಸ್ಟ್ ಹಚ್ಚಿದ್ರೆ ಇನ್ನೂ ಪಳಪಳ ಅನ್ನುತ್ತೆ" ಅಂತ ಬೇರೆ ಬರೆದಿದ್ದಾರೆ. ಅದಕ್ಕೆ ಲೈಕ್‌ಗಳೂ ಬಂದಿವೆ. ಅದನ್ನು ನೋಡಿಯೇ ಬರೆಯಲು ಕೂತೆ.

ಮೊದಲು ಕೈ ನಿಲ್ಲಿಸಿ. ಟೂತ್‌ಪೇಸ್ಟ್ ಬೇಡ, ವಿಭೂತಿ ಬೇಡ, ಅಂಗಡಿಯಲ್ಲಿ ಸಿಗುವ ಸಿಲ್ವರ್ ಡಿಪ್ (ಬೆಳ್ಳಿ ತೊಳೆಯುವ ದ್ರವ) ಕೂಡ ಬೇಡ. ನಾನೂ ಶುರುವಿನಲ್ಲಿ ವಿಭೂತಿ ಹಾಕಿ ಉಜ್ಜಿದವನೇ, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿರೋದು. ನಾಣ್ಯದ ಲಸ್ಟರ್ ಅಂದರೆ ಅಚ್ಚು ಬಡಿದಾಗ ಲೋಹ ಹರಿದು ಮೂಡಿದ ಸಣ್ಣ ಸಣ್ಣ ಗೆರೆಗಳಿಂದ ಬರುವ ಹೊಳಪು. ಹುಳಿ ಅದನ್ನು ತಿನ್ನುತ್ತದೆ, ಪೇಸ್ಟು ಅದನ್ನು ಗೀರುತ್ತದೆ. ಆಮೇಲೆ ಬರುವ ಬಿಳಿ ಹೊಳಪು ಬೇರೆಯದೇ. ಬಲ್ಬಿನ ಕೆಳಗೆ ನಾಣ್ಯವನ್ನು ಓರೆಯಾಗಿ ತಿರುಗಿಸಿದರೆ ಹೇರ್‌ಲೈನ್ ಗೀರುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಗ್ರೇಡಿಂಗ್‌ಗೆ, ಅಂದರೆ ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಸಂಸ್ಥೆಗೆ, ಕಳಿಸಿದರೆ ನಂಬರ್ ಸಿಗಲ್ಲ, "ಡೀಟೇಲ್ಸ್, ಕ್ಲೀನ್ಡ್" ಅಂತ ಬಂದು ಕೂರುತ್ತದೆ.

ಈಗಾಗಲೇ ತಿಕ್ಕಿದ್ದಕ್ಕೆ ಏನು ಮಾಡೋದು ಅಂದರೆ, ಏನೂ ಮಾಡಬೇಡಿ. ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿಟ್ಟು ಮತ್ತೆ ಕಪ್ಪು ಮಾಡುವ ವಿಡಿಯೋಗಳಿವೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ, ಅನುಭವಿ ಡೀಲರ್ ನೋಡಿದ ತಕ್ಷಣ ಹಿಡಿಯುತ್ತಾರೆ. ಮಾರುವಾಗ "ತೊಳೆದಿದೆ" ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಮಾರಿದರೆ ಅದು ವಾಪಸ್ ಬರುತ್ತೆ, ಜೊತೆಗೆ ನಿಮ್ಮ ಹೆಸರೂ ಗುಂಪುಗಳಲ್ಲಿ ಓಡಾಡುತ್ತೆ.

ಇನ್ನು 1911. ಇದೇ ನಮ್ಮ ಹಂದಿ ರೂಪಾಯಿ. ರಾಜನ ಮೇಲಂಗಿಯ ಸರದಲ್ಲಿ ಆನೆ ಇದೆಯಲ್ಲ, ಅದರ ಸೊಂಡಿಲು ಗಿಡ್ಡವಾಗಿ, ನೋಡಿದರೆ ಹಂದಿಯ ಹಾಗೆ ಕಾಣುತ್ತಿತ್ತು. ಗಲಾಟೆ ಎದ್ದಿತು, ಸರ್ಕಾರ ಚಲಾವಣೆ ನಿಲ್ಲಿಸಿತು, 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿದರು. ಅಚ್ಚಾಗಿದ್ದು ಸುಮಾರು 94 ಲಕ್ಷ, ಹೊರಗೆ ಹೋಗಿದ್ದು ಸುಮಾರು 7 ಲಕ್ಷ, ಉಳಿದದ್ದು ಕರಗಿತು. ಆದರೆ 7 ಲಕ್ಷ ಅನ್ನೋದು ಕಡಿಮೆ ಸಂಖ್ಯೆ ಅಲ್ಲ ಸರ್. ಈ ನಾಣ್ಯ ಕೀ ಡೇಟ್ (ಸರಣಿಯಲ್ಲಿ ಸಿಗೋದು ಕಷ್ಟ ಇರುವ ಇಸವಿ) ಹೌದು, ಬೇಡಿಕೆಯೂ ಇದೆ, ಆದರೆ ಹುಡುಕಿದರೆ ಸಿಗುತ್ತೆ. ಹಾಗಾಗಿ ಬೆಲೆಯೆಲ್ಲ ಕಂಡೀಶನ್ ಮೇಲೆ ನಿಂತಿದೆ. ಸವೆದದ್ದಕ್ಕೂ ತೊಳೆಯದ ಯುಎನ್‌ಸಿಗೂ (ಚಲಾವಣೆಯಲ್ಲಿ ಸವೆಯದ ನಾಣ್ಯ) ಅಜಗಜಾಂತರ. ನೀವು ಅಳಿಸಿ ಹಾಕಿದ್ದು ಆ ಅಂತರವನ್ನೇ.

ನಿಮ್ಮ ಫೋಟೋದಲ್ಲಿ ಆನೆ ಸರಿಯಾಗಿ ಕಾಣ್ತಿಲ್ಲ. 1912ರ ನಾಣ್ಯದ ಕೊನೆಯ ಅಂಕಿ ಕೆತ್ತಿ 1911 ಮಾಡಿ ಮಾರುವವರಿದ್ದಾರೆ. ಇಸವಿ 1911, ಆದರೆ ಆನೆಗೆ ಉದ್ದ ಸೊಂಡಿಲು ಚೆನ್ನಾಗಿ ಕಾಣುತ್ತಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಅಂಚನ್ನೂ ನೋಡಿ, ಮುಖ್ಯವಾಗಿ 12 ಗಂಟೆಯ ಜಾಗ, ಅಂದರೆ ರಾಜನ ತಲೆಯ ನೇರ ಮೇಲಿನ ಅಂಚು. ನಮ್ಮ ಕಡೆ ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡಿ ಹಾಕಿಕೊಳ್ಳುತ್ತಿದ್ದರು. ಆ ಕೊಂಡಿ ಕಿತ್ತು, ಅರದಿಂದ ಸಮ ಮಾಡಿ, ಅಂಚಿನ ಹಲ್ಲುಗೀರು ಮತ್ತೆ ಕೊರೆದು ಮಾರುತ್ತಾರೆ. ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಒಂದು ಸುತ್ತು ನೋಡಿದರೆ ಆ ಜಾಗದ ಗೀರು ಮಾತ್ರ ಸೊಟ್ಟ ಇರುತ್ತದೆ.

ಈಗ 1939. ಇಲ್ಲಿ ನನಗೆ ನಿಜಕ್ಕೂ ಭಯ ಆಯ್ತು. ಆರನೇ ಜಾರ್ಜ್‌ನ ರೂಪಾಯಿಗಳಲ್ಲಿ ಎಲ್ಲರೂ ಹುಡುಕುವುದು ಇದನ್ನೇ. 917 ಬೆಳ್ಳಿಯ (ಸಾವಿರ ಪಾಲಿನಲ್ಲಿ 917 ಪಾಲು ಬೆಳ್ಳಿ) ಕೊನೆಯ ಇಸವಿ ಅದು, 1940ರಿಂದ ಬೆಳ್ಳಿ 500ಕ್ಕೆ ಇಳಿಯಿತು. ಅಪರೂಪದ ನಾಣ್ಯ, ಅದಕ್ಕೆ ತಕ್ಕ ಹಾಗೆ ನಕಲಿಯೂ ರಾಶಿ ರಾಶಿ. ವಾಟ್ಸಾಪ್ ಫೋಟೋ ನೋಡಿ ಅಡ್ವಾನ್ಸ್ ಕೊಡುವ ನಾಣ್ಯ ಅಲ್ಲವೇ ಅಲ್ಲ.

ನಾನು ಬೆಳ್ಳಿ ರೂಪಾಯಿ ಯಾವುದೇ ಆಗಲಿ, ಸ್ಲ್ಯಾಬ್ (ಗ್ರೇಡಿಂಗ್ ಸಂಸ್ಥೆ ಸೀಲ್ ಮಾಡಿ ಕೊಡುವ ಪ್ಲಾಸ್ಟಿಕ್ ಡಬ್ಬಿ) ಇಲ್ಲದಿದ್ದರೆ ನೀರಿನ ಪರೀಕ್ಷೆ ಮಾಡದೆ ದುಡ್ಡು ಕೊಡಲ್ಲ. ಮೇಳಕ್ಕೆ ಹೋದಾಗಲೂ ಬ್ಯಾಗಲ್ಲಿ ಸಣ್ಣ ತಕ್ಕಡಿ ಇರುತ್ತೆ, ಕೆಲವರು ನಗುತ್ತಾರೆ, ನಗಲಿ. ಬೇಕಾಗಿದ್ದು 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಹಗುರ ಪ್ಲಾಸ್ಟಿಕ್ ಕಪ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ತೆಳುವಾದ ನೈಲಾನ್ ದಾರ. ಹೊಲಿಗೆ ದಾರ ಬೇಡ, ಅದು ನೀರು ಕುಡಿಯುತ್ತೆ. ತಕ್ಕಡಿ ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಜೊತೆಗೆ ಒಂದು ಕ್ಯಾಲಿಬ್ರೇಶನ್ ತೂಕ ತಗೊಳ್ಳಿ. ಅದಿಲ್ಲದ ತಕ್ಕಡಿ ಆಟದ ಸಾಮಾನು.

ಮೊದಲು ಒಣ ನಾಣ್ಯ ತೂಗಿ. ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ ಇರುತ್ತೆ. ಆಮೇಲೆ ನೀರಿನ ಕಪ್ಪನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರೊಳಗೆ ಪೂರ್ತಿ ಇಳಿಬಿಡಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. 917 ಬೆಳ್ಳಿಗೆ ಉತ್ತರ 10.3ರ ಆಸುಪಾಸು ಬರಬೇಕು, ಅಂದರೆ ನೀರಲ್ಲಿ ಸುಮಾರು 1.13 ತೋರಿಸುತ್ತೆ. 500 ಬೆಳ್ಳಿಯಾದರೆ 9.5 ಬರುತ್ತೆ, ನೀರಲ್ಲಿ 1.22. ತಾಮ್ರ ನಿಕ್ಕಲ್ ಮಿಶ್ರಣಕ್ಕೆ ಬೆಳ್ಳಿ ಲೇಪ ಕೊಟ್ಟಿದ್ದರೆ 1.3 ದಾಟುತ್ತೆ. ಇದರ ದೊಡ್ಡ ಲಾಭ ಏನಂದ್ರೆ ಸವೆತದಿಂದ ಉತ್ತರ ಬದಲಾಗಲ್ಲ. ಬರೀ ತೂಕ ನೋಡಿದರೆ ನಕಲಿ ಮಾಡುವವನು ದಪ್ಪ ಹೆಚ್ಚಿಸಿ 11.66 ತಂದುಬಿಡುತ್ತಾನೆ.

ಜಾಗ್ರತೆ, ನಾಣ್ಯಕ್ಕೆ ಗಾಳಿ ಗುಳ್ಳೆ ಅಂಟಿದರೆ ಅಸಲಿಯೂ ನಕಲಿಯ ಹಾಗೆ ಕಾಣುತ್ತೆ. ಒಮ್ಮೆ ಎತ್ತಿ ಮತ್ತೆ ಮುಳುಗಿಸಿ. ಮೂರು ಸಲ ಮಾಡಿ ಸರಾಸರಿ ತಗೊಳ್ಳಿ. ಅರ್ಧ ರೂಪಾಯಿಗೆ ಹೇಗೋ ನಡೆಯುತ್ತೆ, ಕಾಲು ರೂಪಾಯಿಗೆ ಈ ತಕ್ಕಡಿ ಸಾಲದು, 0.01ರ ವ್ಯತ್ಯಾಸವೇ ಲೆಕ್ಕ ಕೆಡಿಸುತ್ತೆ. ಮುಗಿದ ಮೇಲೆ ಮೆತ್ತನೆ ಹತ್ತಿ ಬಟ್ಟೆ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸಬೇಡಿ! ಮಾರುವವನು ಈ ಪರೀಕ್ಷೆಗೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆದರೆ ಇದರಲ್ಲಿ ಪಾಸಾದರೆ ಅಸಲಿ ಅಂತಲ್ಲ. 1938ರ ರೂಪಾಯಿ ಧಾರಾಳ ಸಿಗುತ್ತೆ, ಅದೂ ಇದೇ 917 ಬೆಳ್ಳಿ. ಅದರ 8ರ ಕೆಳಗಿನ ಸುತ್ತನ್ನು ಎಡಗಡೆ ಕೆತ್ತಿ 9 ಮಾಡುತ್ತಾರೆ. ತೂಕ ಸರಿ, ನೀರೂ ಸರಿ, ಇಸವಿ ಮಾತ್ರ ಸುಳ್ಳು. 10ಎಕ್ಸ್ ಲೂಪ್‌ನಲ್ಲಿ ಕೊನೆಯ ಅಂಕಿಯ ಸುತ್ತಲಿನ ಜಾಗ ನೋಡಿ. ಅಲ್ಲಿ ಮಾತ್ರ ಬಣ್ಣ ಬೇರೆ ಇದ್ದರೆ, ಕೆರೆದ ಗುರುತು ಇದ್ದರೆ, ಎರಡು 9ಗಳ ಬಾಲ ಒಂದೇ ಥರ ಇಲ್ಲದಿದ್ದರೆ ಬಿಟ್ಟುಬಿಡಿ. ತಿಕ್ಕಿ ಬೆಳ್ಳಗೆ ಮಾಡಿದ 1939 ಅಂದರೆ ನನಗೆ ಇನ್ನೂ ಜಾಸ್ತಿ ಅನುಮಾನ, ಕೆತ್ತಿದ ಗುರುತು ಮುಚ್ಚೋಕೆ ಅದೇ ಸುಲಭದ ದಾರಿ. ಇನ್ನೊಂದು, 1940ರಲ್ಲಿ ರೂಪಾಯಿಯ ಅಂಚಿಗೆ ಸೆಕ್ಯುರಿಟಿ ಎಡ್ಜ್ (ಅಂಚಿನ ನಡುವೆ ಸುತ್ತ ಹೋಗುವ ತೋಡು) ಬಂತು. 1939 ಅಂತ ಇದ್ದು ಅಂಚಲ್ಲಿ ಅದಿದ್ದರೆ ಮುಂದೆ ನೋಡುವ ಕೆಲಸವೇ ಇಲ್ಲ. ಒಳ್ಳೆ ಬೆಳ್ಳಿಯಲ್ಲೇ ಹೊಸ ಅಚ್ಚು ಮಾಡಿ ಹೊಡೆದ ನಕಲಿಗೆ ಮಾತ್ರ ನನ್ನ ತಕ್ಕಡಿಯೂ ಸೋಲುತ್ತೆ, ಲೂಪೂ ಬಹಳ ಸಲ ಸೋಲುತ್ತೆ.

ಅದಕ್ಕೇ 1939 ಬೇಕೇ ಬೇಕು ಅಂದರೆ ಎನ್‌ಜಿಸಿ ಅಥವಾ ಪಿಸಿಜಿಎಸ್ (ಅಮೆರಿಕದ ಗ್ರೇಡಿಂಗ್ ಸಂಸ್ಥೆಗಳು) ಸ್ಲ್ಯಾಬ್‌ನಲ್ಲಿ ಇರೋದನ್ನೇ ತಗೊಳ್ಳಿ. ಇಲ್ಲಿನ ಸಣ್ಣ ಪುಟ್ಟ ಹೋಲ್ಡರ್‌ಗಳ ಮೇಲೆ ಬರೆದ ಗ್ರೇಡ್‌ಗೆ ನಾನು ಒಂದು ರೂಪಾಯಿಯೂ ಜಾಸ್ತಿ ಕೊಡಲ್ಲ, ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಸ್ಲ್ಯಾಬ್ ಕೂಡ ನಕಲಿ ಬರುತ್ತೆ. ಆ ಸಂಸ್ಥೆಯ ವೆಬ್‌ಸೈಟ್‌ಗೆ ಹೋಗಿ ಸರ್ಟಿಫಿಕೇಟ್ ನಂಬರ್ ಹಾಕಿ. ಅಲ್ಲಿ ಫೋಟೋ ಇದ್ದರೆ ನಿಮ್ಮ ಕೈಯಲ್ಲಿರುವ ನಾಣ್ಯದ ಗೀರು, ಕಲೆ ಅದರಲ್ಲೂ ಇದೆಯಾ ನೋಡಿ. ನಂಬರ್ ಸರಿ ಇದ್ದು ನಾಣ್ಯ ಬೇರೆ ಇರೋ ಸಾಧ್ಯತೆ ಇದೆ.

ಬಿಲ್ ಕೇಳಿ. "ನಮ್ಮಲ್ಲಿ ನಂಬಿಕೆ ವ್ಯವಹಾರ ಸರ್" ಅನ್ನುವವರ ಹತ್ತಿರ ಹತ್ತು ರೂಪಾಯಿ ಬೆಲೆಯ ನಾಣ್ಯ ತಗೊಳ್ಳಿ, ಕೀ ಡೇಟ್ ಬೇಡ. ಬಿಲ್‌ನಲ್ಲಿ ಬರೀ "ಹಳೇ ನಾಣ್ಯ 1" ಅಂತಲ್ಲ, ಇಸವಿ, ತೂಕ, "ಅಸಲಿ ಅಲ್ಲದಿದ್ದರೆ ವಾಪಸ್" ಅನ್ನುವ ಸಾಲು ಎಲ್ಲ ಇರಲಿ. ಹರಾಜಲ್ಲಿ ತಗೊಂಡರೆ ಲಾಟ್ ನಂಬರ್ (ಹರಾಜಿನಲ್ಲಿ ಆ ನಾಣ್ಯದ ಕ್ರಮಸಂಖ್ಯೆ), ಆ ಪುಟದ ಪ್ರಿಂಟ್ ನಾಣ್ಯದ ಜೊತೆಗೇ ಇಡಿ. ನಾಳೆ ನೀವು ಮಾರಲು ಕೂತಾಗ ಎದುರಿನವನ ಮೊದಲ ಪ್ರಶ್ನೆ "ಎಲ್ಲಿಂದ ತಂದ್ರಿ?" ಅಂತಲೇ. ನಾಣ್ಯ ಅಸಲಿ ಇದ್ದರೂ ಉತ್ತರ ಇಲ್ಲದಿದ್ದರೆ ಅನುಮಾನದ ಬೆಲೆಗೇ ಕೇಳುತ್ತಾನೆ.

ಎರಡು ವರ್ಷದ ಲೆಕ್ಕ ನನಗೆ ಹಿಡಿಸಲಿಲ್ಲ. ಹರಾಜಲ್ಲಿ ಕೊಳ್ಳುವಾಗ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಪ್ರೀಮಿಯಂ, ಜಿಎಸ್‌ಟಿ. ಮಾರುವಾಗ ಕಮಿಷನ್. ಡೀಲರ್‌ಗೆ ಕೊಟ್ಟರೆ ಅವರ ಮಾರ್ಜಿನ್. ಇದೆಲ್ಲ ದಾಟಿ ಮೇಲೆ ಬಂದಮೇಲೆ ತಾನೇ ಲಾಭ? ಕ್ಯಾಟಲಾಗ್ ಬೆಲೆ ಹಿಡಿದು ಕನಸು ಕಾಣಬೇಡಿ, ಬೆಂಗಳೂರು, ಮುಂಬೈ, ಅಹಮದಾಬಾದ್ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶ ಆನ್‌ಲೈನ್‌ನಲ್ಲೇ ಇವೆ, ಅದೇ ಗ್ರೇಡ್ ಎಷ್ಟಕ್ಕೆ ಹೋಯ್ತು ನೋಡಿ. ಮಾರಾಟ ಆಗದೆ ಉಳಿದ ಲಾಟ್‌ಗಳನ್ನೂ ನೋಡಿ. ಕೀ ಡೇಟ್ ಅಂದ ಮಾತ್ರಕ್ಕೆ ಬೇಕಾದಾಗ ಗಿರಾಕಿ ಸಿಗಲ್ಲ. ಮಗಳ ಫೀಸ್ ಕಟ್ಟುವ ವಾರ ಮಾರಲು ಹೋದರೆ ಎದುರಿನವನು ಹೇಳಿದ್ದೇ ಬೆಲೆ.

ಅಂದಹಾಗೆ, 1939ರ ಅರ್ಧ ರೂಪಾಯಿ, ಕಾಲು ರೂಪಾಯಿ ಮನೆಯಲ್ಲಿದೆ ಅಂತ ಇದೇ ಥ್ರೆಡ್‌ನಲ್ಲಿ ಒಬ್ಬರು ಲಕ್ಷದ ಮಾತಾಡಿದ್ದಾರೆ. ಸರ್, ಅಪರೂಪ ಇರೋದು ರೂಪಾಯಿ ಮಾತ್ರ. ಅರ್ಧ, ಕಾಲು ಸಾಮಾನ್ಯ. ವೈಷ್ಣೋದೇವಿ 5 ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ ಅನ್ನೋದಂತೂ ಶುದ್ಧ ಮೋಸ, "ರಿಜಿಸ್ಟ್ರೇಶನ್ ಫೀ" ಅಂತ ನಿಮ್ಮಿಂದಲೇ ಕೀಳುತ್ತಾರೆ. ಆರ್‌ಬಿಐ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯಕ್ಕೆ ಫೀಸ್ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ಆರ್‌ಬಿಐ ತಾನೇ ಎಚ್ಚರಿಕೆ ಕೊಟ್ಟಿದೆ.

ಇಡುವ ವಿಷಯ. ನಿಮ್ಮ ಫೋಟೋದಲ್ಲಿರುವ ಆ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಪಿವಿಸಿ ಇರಬಹುದು, ಹೊಸ ರೆಕ್ಸಿನ್ ವಾಸನೆ ಬರ್ತಿದ್ದರೆ ಇವತ್ತೇ ತೆಗೆಯಿರಿ. ಕೆಲವೇ ವರ್ಷಕ್ಕೆ ಹಸಿರು ಅಂಟು ಬಿಡುತ್ತೆ. ಅಂಟು ಬಂದಿದ್ದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿ ಎತ್ತಬೇಕು, ಉಗುರುಬಣ್ಣ ತೆಗೆಯುವ ಬಣ್ಣದ ನೀರು ಅಲ್ಲ. ಕಿಟಕಿ ತೆಗೆದು ಮಾಡಿ, ದೀಪದ ಹತ್ತಿರ ಬೇಡ. ರೂಪಾಯಿಗೆ 31 ಮಿ.ಮೀ. ಗಟ್ಟಿ ಕ್ಯಾಪ್ಸೂಲ್ ಸರಿ ಹೊಂದುತ್ತೆ. ಲೈಟ್‌ಹೌಸ್ ಕಂಪನಿಯದು ದುಬಾರಿ, ಆದರೆ ನನಗೆ ಅದೇ ಇಷ್ಟ. ರಟ್ಟಿನ ಹೋಲ್ಡರ್ ಬಳಸಿದರೆ ಪಿನ್ನನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯವನ್ನು ಗೀರುತ್ತೆ. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ. ಕರಾವಳಿಯವರು ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಬದಲಾಯಿಸುತ್ತಿರಿ. ಲಕ್ಷ್ಮಿ ಪೂಜೆಗೆ ಬೆಳ್ಳಿ ರೂಪಾಯಿ ಇಡುವವರು ಅದಕ್ಕೆ ಅಂತಲೇ ಸವೆದ ಸಾಮಾನ್ಯ ರೂಪಾಯಿ ಬೇರೆ ಇಟ್ಟುಕೊಳ್ಳಿ. ಕುಂಕುಮ, ಹಾಲು ಬಿದ್ದ ಕೀ ಡೇಟ್‌ಗಳನ್ನು ನೋಡಿ ನೋಡಿ ಸಾಕಾಗಿದೆ.

ದುಬೈನಲ್ಲಿರುವ ಭಾವನಿಗೆ 1911 ಕಳಿಸಿ ಅಲ್ಲಿ ಮಾರಿಸ್ತೀನಿ ಅಂದಿದ್ದೀರಿ. ಅದು ಆಗಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಏರ್‌ಪೋರ್ಟಿನಲ್ಲಿ ಭಾವ ಸಿಕ್ಕಿಬಿದ್ದರೆ ನಾಣ್ಯದ ಜೊತೆ ನೆಂಟಸ್ತಿಕೆಯೂ ಹೋಗುತ್ತೆ.

ಸದ್ಯಕ್ಕೆ 1939ರವನಿಗೆ ಅಡ್ವಾನ್ಸ್ ಕಳಿಸಬೇಡಿ. ನಿಮ್ಮ 1911ರ ಮೂರು ಫೋಟೋ ಹಾಕಿ: ಆನೆ ಹತ್ತಿರದಿಂದ, ಇಸವಿ ಹತ್ತಿರದಿಂದ, ಅಂಚಿನ 12 ಗಂಟೆಯ ಜಾಗ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕಲ್ಲಿ ತೆಗೆಯಿರಿ. ಒಣ ತೂಕ, ನೀರಿನ ತೂಕ ಎರಡನ್ನೂ ಬರೆಯಿರಿ, ಆಮೇಲೆ ಬೆಲೆ ಮಾತಾಡೋಣ.