ಇಬ್ಬರೂ ‘ನಾನೇ ಪ್ರೈಮರಿ’ ಎಂದಾಗ

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಎರಡು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಸರ್ವರ್‌ಗಳಿವೆ: ಬರಹವೆಲ್ಲ ನಡೆಯುವ ಪ್ರೈಮರಿ, ಅದರ ಪ್ರತಿ ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ. ಪ್ರೈಮರಿ ಮೂರು ಸಲ ಪಿಂಗ್‌ಗೆ (‘ಇದ್ದೀಯಾ?’ ಎಂಬ ಕರೆಗೆ) ಉತ್ತರಿಸದಿದ್ದರೆ ಸ್ಟ್ಯಾಂಡ್‌ಬೈ ತಾನೇ ಪ್ರೈಮರಿಯಾಗುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ. ಕಳೆದ ವಾರ ಅವೆರಡನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೈಕೊಟ್ಟಾಗ ಎರಡೂ ಪ್ರೈಮರಿಯಾಗಿ, ಒಂದೇ ಸಂಖ್ಯೆಯ ರಸೀದಿ ಇಬ್ಬರು ಸದಸ್ಯರಿಗೆ ಹೋಯಿತು. ಹಳೆಯ ಸರ್ವರನ್ನು ಆಫ್ ಮಾಡಿಟ್ಟಿದ್ದೇನೆ. ಮುಂದೇನು?

ಉತ್ತರ: ಸ್ವಿಚ್ಚನ್ನು ಬೈಯಬೇಡಿ, ತಪ್ಪು ಸ್ಕ್ರಿಪ್ಟಿನದು. ಪಿಂಗ್‌ಗೆ ಉತ್ತರ ಬರಲಿಲ್ಲವೆಂದರೆ ಸಂಪರ್ಕ ಸಿಗಲಿಲ್ಲ ಎಂದಷ್ಟೇ ಅರ್ಥ, ಯಂತ್ರ ಸತ್ತಿದೆ ಎಂದಲ್ಲ. ನೀವು ಮಾಡಿದ್ದು, ಊರಿಗೆ ಹೋದವನು ಫೋನ್ ಎತ್ತಲಿಲ್ಲವೆಂದು ತಿಥಿಗೆ ಅಡುಗೆಯವರನ್ನು ಕರೆದ ಹಾಗೆ. ಸ್ಕ್ರಿಪ್ಟು ಹೊಸಬನನ್ನು ಗದ್ದುಗೆಗೆ ಏರಿಸುತ್ತದೆ. ಹಳಬನನ್ನು ಇಳಿಸುವ ಮಾತೇ ಅದರಲ್ಲಿಲ್ಲ.

ಎರಡೇ ಯಂತ್ರಗಳಿದ್ದರೆ ಯಾರ ಮಾತು ನಿಜವೆಂದು ತೀರ್ಮಾನಿಸುವವರಿಲ್ಲ. ಮೂರನೆಯದೊಂದು ಬೇಕು. ಅದರಲ್ಲಿ ಡೇಟಾಬೇಸ್ ಇರಬೇಕಿಲ್ಲ, ಹಳೆಯ ಡೆಸ್ಕ್‌ಟಾಪ್ ಆದರೂ ನಡೆದೀತು. ಆದರೆ ಅದನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಬೇಡಿ! ಮೂರರಲ್ಲೂ ಎಟ್‌ಸಿಡಿ (ಬಹುಮತದಿಂದ ತೀರ್ಮಾನ ದಾಖಲಿಸಿಡುವ ತಂತ್ರಾಂಶ), ಡೇಟಾಬೇಸ್ ಇರುವ ಎರಡರಲ್ಲಿ ಪಟ್ರೋನಿ (ಯಾರು ಪ್ರೈಮರಿ ಎಂದು ನೋಡಿಕೊಳ್ಳುವ ತಂತ್ರಾಂಶ) ಹಾಕಿ. ಪ್ರೈಮರಿಯ ಕೈಯಲ್ಲಿರುವುದು ಎಟ್‌ಸಿಡಿಯಿಂದ ಪಡೆದ, ಅವಧಿಯುಳ್ಳ ಬೀಗದ ಕೈ. ಮೂಲ ಹೊಂದಾಣಿಕೆಯಲ್ಲಿ ಆ ಅವಧಿ 30 ಸೆಕೆಂಡು. ಬಹುಮತದ ಸಂಪರ್ಕ ತಪ್ಪಿ ಅದನ್ನು ನವೀಕರಿಸಲಾಗದಿದ್ದರೆ ಪ್ರೈಮರಿ ತಾನಾಗಿಯೇ ಕೆಳಗಿಳಿದು ಬರೆಯುವುದನ್ನು ನಿಲ್ಲಿಸುತ್ತದೆ.

ಪಟ್ರೋನಿಯೇ ಸ್ತಬ್ಧವಾದರೆ? ಅದಕ್ಕೇ ಲಿನಕ್ಸ್‌ನ ವಾಚ್‌ಡಾಗ್: ಸಮಯಕ್ಕೆ ಸರಿಯಾಗಿ ಸದ್ದು ಕೇಳಿಸದಿದ್ದರೆ ಯಂತ್ರವನ್ನೇ ರೀಬೂಟ್ ಮಾಡುತ್ತದೆ. ಇದನ್ನು ‘ರಿಕ್ವೈರ್ಡ್’ ಎಂದೇ ಇಡಿ. ‘ಆಟೊಮ್ಯಾಟಿಕ್’ ಎಂದು ಬಿಟ್ಟರೆ ವಾಚ್‌ಡಾಗ್ ಇಲ್ಲದಿದ್ದರೂ ಯಂತ್ರ ಪ್ರೈಮರಿಯಾಗುತ್ತದೆ.

ಬಹುಮತವೊಂದಿದ್ದರೆ ಸಾಲದು. 2018ರ ಅಕ್ಟೋಬರ್ 21ರಂದು ಕೋಡ್ ಇಡುವ ತಾಣ ಗಿಟ್‌ಹಬ್‌ನ ಪೂರ್ವ ಅಮೆರಿಕದ ಡೇಟಾ ಕೇಂದ್ರದ ಸಂಪರ್ಕ ಕಡಿದದ್ದು ಬರೀ 43 ಸೆಕೆಂಡು. ಬಹುಮತದಿಂದಲೇ ಮೈಎಸ್‌ಕ್ಯುಎಲ್ (ಇನ್ನೊಂದು ಡೇಟಾಬೇಸ್) ಪ್ರೈಮರಿಗಳು ಪಶ್ಚಿಮ ಕರಾವಳಿಗೆ ಹೋದವು. ಆದರೆ ಪೂರ್ವದಲ್ಲಿ ಕೊನೆಯ ಕ್ಷಣಗಳಲ್ಲಿ ಬರೆದದ್ದು ಪಶ್ಚಿಮಕ್ಕೆ ತಲುಪಿರಲಿಲ್ಲ. ಸೇವೆ ಸರಿಹೋಗುವಷ್ಟರಲ್ಲಿ 24 ಗಂಟೆ 11 ನಿಮಿಷ. ಎರಡೂ ಕಡೆಯ ಲೆಕ್ಕ ಹೊಂದಿಸುವ ಕೆಲಸ ಆಮೇಲೂ ಉಳಿದಿತ್ತು. ಹಣದ ವ್ಯವಹಾರವಾದ್ದರಿಂದ ನೀವು ಸಿಂಕ್ರೊನಸ್ ಮೋಡ್ (ಸ್ಟ್ಯಾಂಡ್‌ಬೈಗೂ ತಲುಪಿದ ಮೇಲೆಯೇ ನಮೂದು ಖಚಿತವಾಗುವ ಕ್ರಮ) ಕೂಡ ಹಾಕಿ. ರಸೀದಿ ತುಸು ನಿಧಾನವಾಗಿ ಬಂದರೆ ಬರಲಿ.

ಇನ್ನು ಆಫ್ ಮಾಡಿಟ್ಟ ಸರ್ವರ್. ಪಿಜಿ ರಿವೈಂಡ್ (ಹಳೆಯ ಸರ್ವರನ್ನು ಹೊಸ ಪ್ರೈಮರಿಗೆ ಸರಿಹೊಂದಿಸುವ ಉಪಕರಣ) ಓಡಿಸಿ ಅದನ್ನು ಮತ್ತೆ ಸ್ಟ್ಯಾಂಡ್‌ಬೈ ಮಾಡಬಹುದು, ಆದರೆ ಹಾಗೆ ಮಾಡಿದರೆ ಅಲ್ಲಿ ಮಾತ್ರ ಇರುವ ನಮೂದುಗಳು ಅಳಿಸಿಹೋಗುತ್ತವೆ. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ಯಂತ್ರ ಹಚ್ಚಿ, ಡೇಟಾ ಡೈರೆಕ್ಟರಿಯ ಪೂರ್ತಿ ಪ್ರತಿ ತೆಗೆದಿಡಿ. ಆ ಎರಡು ರಸೀದಿಗಳಲ್ಲಿ ಒಂದು ಅದರಲ್ಲಿ ಮಾತ್ರ ಇದೆ.